ರೈನೋ, ಎಂಟೆರೋ ಎರಡೂ ಪಾಸಿಟಿವ್: ನಿಜವಾಗಿ ಎರಡು ವೈರಸ್ಸಾ?

ಮೈಸೂರು_ಪಿಸಿಆರ್:
ಐದು ವರ್ಷದೊಳಗಿನ ಮಕ್ಕಳ ಮೂಗಿನ ಸ್ವಾಬ್‌ಗಳನ್ನು ಮಲ್ಟಿಪ್ಲೆಕ್ಸ್ ಆರ್‌ಟಿ-ಪಿಸಿಆರ್‌ಗೆ (ಒಂದೇ ಸಲಕ್ಕೆ ಹಲವು ವೈರಸ್ ಹುಡುಕುವ ಪರೀಕ್ಷೆ) ಹಾಕುತ್ತಿದ್ದೇವೆ. ಮಂಡ್ಯ ಕಡೆಯಿಂದ ಬಂದ ಕೆಲವು ಸ್ಯಾಂಪಲ್‌ಗಳಲ್ಲಿ ರೈನೋವೈರಸ್ (ನೆಗಡಿ ವೈರಸ್) ಸಿಟಿ (ಸಿಗ್ನಲ್ ಏಳುವ ಸೈಕಲ್ ಸಂಖ್ಯೆ, ಕಡಿಮೆ ಇದ್ದಷ್ಟೂ ವೈರಸ್ ಜಾಸ್ತಿ) 22–24ಕ್ಕೇ ಬರುತ್ತದೆ. ಜೊತೆಗೆ ಎಂಟೆರೋವೈರಸ್ ಕೂಡ 35ರ ಹತ್ತಿರ ಏಳುತ್ತದೆ. ಆರ್‌ಎಸ್‌ವಿ, ಫ್ಲೂ, ಅಡೆನೋ ಎಲ್ಲ ನೆಗೆಟಿವ್. ನೆಗೆಟಿವ್ ಕಂಟ್ರೋಲ್ ಕ್ಲೀನ್, ಆರ್‌ಎನೇಸ್ ಪಿ (ಸ್ವಾಬ್‌ನಲ್ಲಿ ಮನುಷ್ಯನ ಕೋಶ ಬಂದಿದೆ ಅಂತ ತೋರಿಸುವ ಕಂಟ್ರೋಲ್) ಸರಿಯಾಗಿದೆ. ಎರಡು ವೈರಸ್ ಅಂತ ರಿಪೋರ್ಟ್ ಕೊಡಬಹುದಾ? ಮಕ್ಕಳ ಡಾಕ್ಟರ್ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ.

ಮಂಡ್ಯ_ಬೆಂಚ್:
ಈಗಲೇ ಕೊಡಬೇಡಿ. ಇವೆರಡೂ ದಾಯಾದಿಗಳು, ಒಂದೇ ಎಂಟೆರೋವೈರಸ್ ಕುಲದವು. ಹೆಚ್ಚಿನ ಕಿಟ್‌ಗಳು ಹಿಡಿಯುವ 5 ಪ್ರೈಮ್ ಯುಟಿಆರ್ ಭಾಗ (ಆರ್‌ಎನ್‌ಎ ಶುರುವಿನ, ಪ್ರೋಟೀನ್ ಆಗದ ತುದಿ) ಎರಡರಲ್ಲೂ ತುಂಬಾ ಹೋಲುತ್ತದೆ. ರೈನೋ ಜಾಸ್ತಿ ಇದ್ದರೆ ಎಂಟೆರೋ ಪ್ರೋಬ್ (ಗುರಿಗೆ ಅಂಟಿ ಬೆಳಕು ಕೊಡುವ ತುಣುಕು) ಅದಕ್ಕೇ ಅಂಟಿ, ತಡವಾಗಿ ಸಿಗ್ನಲ್ ಕೊಡಬಹುದು. ಹಿಂದೆ ರೈನೋವೈರಸ್ 87 ಅಂತ ಪಟ್ಟಿಗೆ ಸೇರಿಸಿದ್ದು ಆಮೇಲೆ ಎಂಟೆರೋವೈರಸ್ ಡಿ68ರ ತಳಿ ಅಂತ ಗೊತ್ತಾಯಿತು. ದೊಡ್ಡವರೇ ಎಡವಿದ ಜಾಗ ಇದು!

ಇನ್ನೊಂದು ಅನುಮಾನ ಬಣ್ಣದ್ದು. ಎರಡು ಪ್ರೋಬ್‌ಗಳೂ ಅಕ್ಕಪಕ್ಕದ ಚಾನೆಲ್‌ಗಳಲ್ಲಿವೆಯಾ? ಫ್ಯಾಮ್ ಬಣ್ಣದ ಬೆಳಕು ಪಕ್ಕದ ಹೆಕ್ಸ್ ಬಣ್ಣದ ಚಾನೆಲ್‌ಗೆ ಸೋರುತ್ತಿರಬಹುದು. ಅದೇ ಆರ್‌ಎನ್‌ಎಗೆ ಎಂಟೆರೋ ಪ್ರೈಮರ್ (ನಕಲು ಶುರುಮಾಡುವ ತುಣುಕು), ಪ್ರೋಬ್ ಮಾತ್ರ ಹಾಕಿ ಓಡಿಸಿ. ಸಿಗ್ನಲ್ ಗೆರೆ ಮಾಯವಾದರೆ ಸೋರಿಕೆಯೇ, ಕಲರ್ ಕಾಂಪೆನ್ಸೇಶನ್ (ಬಣ್ಣಗಳನ್ನು ಬೇರ್ಪಡಿಸುವ ಹೊಂದಾಣಿಕೆ) ಮತ್ತೆ ಮಾಡಿಸಿ. ಉಳಿದರೆ ಸೀಕ್ವೆನ್ಸಿಂಗ್ (ಆರ್‌ಎನ್‌ಎ ಅಕ್ಷರಗಳ ಸಾಲು ಓದುವುದು) ಬೇಕು.

ಮೈಸೂರು_ಪಿಸಿಆರ್:
ಥ್ಯಾಂಕ್ಸ್ ಸರ್. ಒಂಟಿಯಾಗಿ ಓಡಿಸಿದೆ, ಗೆರೆ ಹಾಗೇ ಇದೆ. ಯಾವ ಭಾಗ ಸೀಕ್ವೆನ್ಸ್ ಮಾಡಲಿ? ಯುಟಿಆರ್ ಸಾಕಲ್ವಾ?

ಮಂಡ್ಯ_ಬೆಂಚ್:
ಸಾಲದು. ರೈನೋ ಎ ಮತ್ತು ಸಿ ನಡುವೆ ಆ ಭಾಗದಲ್ಲೇ ಮರುಜೋಡಣೆ (ತುಣುಕುಗಳ ಅದಲು ಬದಲು) ಆಗಿರುತ್ತದೆ, ಟೈಪ್ ತಪ್ಪಾಗುತ್ತದೆ. ವಿಪಿ4/ವಿಪಿ2 (ವೈರಸ್ ಹೊದಿಕೆಯ ಪ್ರೋಟೀನ್‌ಗಳ ಭಾಗ) ಮಾಡಿ. ಎ, ಬಿ, ಸಿ ಸೇರಿ 160ಕ್ಕೂ ಹೆಚ್ಚು ಟೈಪ್‌ಗಳಿವೆ. ಕಲ್ಚರ್ ನೆಚ್ಚಬೇಡಿ. ಸಿ ಮಾಮೂಲಿ ಕೋಶಗಳಲ್ಲಿ ಬೆಳೆಯುವುದೇ ಇಲ್ಲ, ಅದಕ್ಕೇ 2006ರವರೆಗೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಂದು ಎಚ್ಚರಿಕೆ. ಸ್ಯಾಂಗರ್ ಸೀಕ್ವೆನ್ಸಿಂಗ್‌ನಲ್ಲಿ ಜಾಸ್ತಿ ಇರುವ ವೈರಸ್ಸೇ ಕಾಣುತ್ತದೆ. ರೈನೋ ಅಂತ ಬಂದ ಮಾತ್ರಕ್ಕೆ ಎಂಟೆರೋ ಇಲ್ಲವೇ ಇಲ್ಲ ಅನ್ನಲಾಗದು. ಅದಕ್ಕೆ ಎಂಟೆರೋದ್ದೇ ವಿಪಿ1 ಪ್ರೈಮರ್ ಬೇಕು.

ಮೈಸೂರು_ಪಿಸಿಆರ್:
ಸರಿ. ಅಲ್ಲಿವರೆಗೆ ಡಾಕ್ಟರಿಗೆ ಏನು ಹೇಳಲಿ?

ಮಂಡ್ಯ_ಬೆಂಚ್:
'ರೈನೋ/ಎಂಟೆರೋವೈರಸ್ ಪತ್ತೆ, ಟೈಪಿಂಗ್ ಬಾಕಿ' ಅಂತ ಒಂದೇ ಸಾಲು ಕೊಡಿ. ಎರಡಕ್ಕೂ ಬೇರೆ ಬೇರೆ ಔಷಧಿ ಇಲ್ಲ, ಮಗುವಿನ ಚಿಕಿತ್ಸೆ ಇದಕ್ಕೆ ಕಾಯುವುದಿಲ್ಲ. ಆರೋಗ್ಯವಾಗಿರೋ ಮಕ್ಕಳ ಮೂಗಲ್ಲೂ ರೈನೋ ಸಿಗುತ್ತದೆ, ಅದನ್ನೂ ಫೋನಲ್ಲೇ ಹೇಳಿಬಿಡಿ. ಸ್ಯಾಂಪಲ್ ಮಾತ್ರ ಮೈನಸ್ 70ರಲ್ಲಿ ಇಡಿ.