ಸಹಾಯ ಬೇಕು: ಟ್ರೇಡ್‌ಮಾರ್ಕ್ ಕೇಸ್ ನೋಡುವ ವಕೀಲರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿ ಅಮ್ಮ ಶುರು ಮಾಡಿದ ಚಟ್ನಿಪುಡಿ, ಸಾರಿನಪುಡಿ ವ್ಯಾಪಾರ ನಮ್ಮದು. ಮೊನ್ನೆ ಒಂದು ದೊಡ್ಡ ಕಂಪನಿಯಿಂದ ಲಾಯರ್ ನೋಟಿಸ್ ಬಂದಿದೆ. ಹೆಸರು ಅವರದಂತೆ, 15 ದಿನದಲ್ಲಿ ನಾವು ಬಿಡಬೇಕಂತೆ. ಅವರ ಕಂಪನಿ ಹುಟ್ಟುವ ಎಷ್ಟೋ ವರ್ಷ ಮೊದಲಿಂದ ನಾವು ಇದೇ ಹೆಸರಲ್ಲಿ ಮಾರುತ್ತಿದ್ದೇವೆ. ರಿಜಿಸ್ಟರ್ ಮಾಡಿಸಿರಲಿಲ್ಲ, ಅಷ್ಟೇ. ಅಮ್ಮ ಕೈಯಾರೆ ಬರೆದ ಹಳೇ ಬಿಲ್ ಪುಸ್ತಕಗಳು ಅರಿಶಿನದ ಕಲೆ ಸಮೇತ ಹಾಗೇ ಇವೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಮೊದಲಿಂದ ಬಳಸುತ್ತಾ ಬಂದವರ ಪರ ಇದೆ, ಅಲ್ವಾ?

ಕಮರ್ಷಿಯಲ್ ಕೋರ್ಟ್‌ನಲ್ಲಿ ಇಂಥ ಕೇಸ್ ನಡೆಸಿದ, ಸಣ್ಣ ವ್ಯಾಪಾರದವರ ಮಾತನ್ನು ಕೂತು ಕೇಳುವ ವಕೀಲರು ಅಥವಾ ಲಾ ಫರ್ಮ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಫೀಸ್ ಅಂದಾಜು ಎಷ್ಟಾಗಬಹುದು? ಈ ಹೆಸರು ಬಿಟ್ಟುಕೊಡಲು ಮನಸ್ಸೇ ಒಪ್ಪುತ್ತಿಲ್ಲ. ಅದು ನಮ್ಮ ಅಜ್ಜಿಯ ಹೆಸರು.