ಪಲ್ಲಕ್ಕಿಯೋ ಸೆಡಾನ್ ಕುರ್ಚಿಯೋ? ಏರುದಾರಿಗೆ ಯಾವುದು ಸರಿ

ಸಾಗರದ ಹವ್ಯಾಸಿ: ಕೆಳದಿ ನಾಯಕರ ಕಾಲದ ರೂಪಕಕ್ಕೆ ಪಲ್ಲಕ್ಕಿ ಕಟ್ಟಿಸುತ್ತಿದ್ದೇವೆ. ಸಿಕ್ಕಿದ ಚಿತ್ರದಲ್ಲಿ ಪೆಟ್ಟಿಗೆಯೊಳಗೆ ಕುರ್ಚಿ, ಎರಡೂ ಪಕ್ಕ ಕೋಲು, ಹೊರುವವರು ಇಬ್ಬರೇ. ಇದು ನಮ್ಮ ಕಡೆಯದೇ? ದಾರಿಯಲ್ಲಿ ಒಂದು ಕಡಿದಾದ ಏರೂ ಇದೆ.

ಮರಗೆಲಸ: ಅದು ಲಂಡನ್ನಿನ ಸೆಡಾನ್ ಕುರ್ಚಿ, ದಯವಿಟ್ಟು ಬೇಡ. ಅದನ್ನು ಬಾಡಿಗೆಗೆ ಬಿಡುವ ಹಕ್ಕು 1634ರಲ್ಲಿ ಸ್ಯಾಂಡರ್ಸ್ ಡಂಕಂಬ್ ಎಂಬಾತನಿಗೆ 14 ವರ್ಷಕ್ಕೆ ಸಿಕ್ಕಿತ್ತು. ಹೊರುವವರು ಕೋಲನ್ನು ಸೊಂಟದ ಮಟ್ಟದಲ್ಲಿ ಕೈಯಲ್ಲಿ ಹಿಡಿದು, ಭಾರವನ್ನು ಹೆಗಲ ಮೇಲಿನ ಚರ್ಮದ ಪಟ್ಟಿಗೆ ಬಿಡುತ್ತಿದ್ದರು. ಬಾಗಿಲು ಮುಂದುಗಡೆ, ಮೇಲಿನ ಮುಚ್ಚಳಕ್ಕೂ ಕೀಲು. ಶ್ರೀಮಂತರು ಬೀದಿಯ ಕೆಸರು ಮೆಟ್ಟದೆ ಮನೆಯೊಳಗೇ ಇಳಿಯುತ್ತಿದ್ದರು.

ನಿಮಗೆ ಬೇಕಾದ್ದು ತೆರೆದ ಪಲ್ಲಕ್ಕಿ. ಒಂದೇ ಕೋಲು, ಅದೂ ಹೆಗಲ ಮೇಲೆ. ಅದಕ್ಕೆಂದೇ ಬಿದಿರನ್ನು ಬೆಳೆಯುವಾಗಲೇ ಬಗ್ಗಿಸುತ್ತಿದ್ದರು. ಆ ಕಮಾನಿನಡಿ ಕೂತವರ ತಲೆಗೆ ಜಾಗ ಸಿಗುತ್ತದೆ. ಮುಚ್ಚಿದ ಪೆಟ್ಟಿಗೆಯ ಮೇನೆ ಕಂಪನಿ ಕಾಲದ ದೃಶ್ಯಕ್ಕೆ ಒಪ್ಪುತ್ತದೆ.

ಘಟ್ಟದ ಮೇಲಿನವ: ಏರಿನಲ್ಲಿ ಹಿಂದಿನವರಿಗೇ ಭಾರ ಎಂದುಕೊಳ್ಳುತ್ತಾರೆ. ಕೋಲಿಗೆ ಬಿಗಿಯಾಗಿ ಕಟ್ಟಿದ ಪಲ್ಲಕ್ಕಿಯಲ್ಲಿ ಆಗುವುದು ಉಲ್ಟಾ. ಹೆಗಲಿಂದ ಹೆಗಲಿಗೆ 10 ಅಡಿ, ತೂಕದ ನಡುಬಿಂದು ಕೋಲಿನಿಂದ 2.5 ಅಡಿ ಕೆಳಗೆ, ಏರು 4ಕ್ಕೆ 1, ಒಟ್ಟು 160 ಕೆಜಿ ಅನ್ನಿ. ಮುಂದಿನವರಿಗೆ 90, ಹಿಂದಿನವರಿಗೆ 70. ತೂಕದ ನಡುಬಿಂದು ಕೋಲಿಗಿಂತ ಕೆಳಗಿರುವುದರಿಂದ, ಕೋಲು ಓರೆಯಾದಾಗ ಅದು ಏರಿನ ಕಡೆಗೆ ಸರಿಯುತ್ತದೆ. ಹಾಗಾಗಿ ಏರಿನಲ್ಲಿ ಗಟ್ಟಿಗರು ಮುಂದಿರಲಿ, ಎತ್ತರದವರು ಹಿಂದಿರಲಿ.

ಡೋಲಿಯಂತೆ ನಡುವಿನ ಒಂದೇ ಕೊಂಡಿಗೆ ತೂಗಿಸಿದರೆ ಭಾರ ಸಮ, ಆಸನವೂ ಮಟ್ಟ. ಆದರೆ ತೂಗಾಟ ಜೋರು. ಮುಂದಿನವರು ಬಲಗಾಲು ಇಟ್ಟಾಗ ಹಿಂದಿನವರು ಎಡಗಾಲು ಇಡಲಿ. ಎಲ್ಲರೂ ಒಂದೇ ಕಾಲು ಎತ್ತಿದರೆ ಕುಲುಕಾಟ ಏರುತ್ತಲೇ ಹೋಗುತ್ತದೆ. ಹೆಗಲಿಗೆ ಮಡಿಸಿದ ಕಂಬಳಿ ಇರಲಿ.

ಮಠದ ಬೀದಿ: ರೂಪಕದಲ್ಲಿ ಗುರುಗಳು ಬರುವುದಾದರೆ ಅಡ್ಡಪಲ್ಲಕ್ಕಿ ಬೇರೆಯೇ ಗೌರವ, ಬೆರೆಸಬೇಡಿ. ಕೋಲು ದಾರಿಗೆ ಅಡ್ಡ ಬರುವುದರಿಂದ ಬೀದಿ ಪೂರ್ತಿ ತೆರವಾಗಬೇಕು. ಶೃಂಗೇರಿ ಜಗದ್ಗುರುಗಳಿಗೆ ಆ ಮರ್ಯಾದೆ ಉಂಟು. ಅಡ್ಡಪಲ್ಲಕ್ಕಿಯ ಹಕ್ಕಿನ ತಕರಾರೊಂದು 1843ರಲ್ಲಿ ಆಗಿನ ಕೊನೆಯ ಮೇಲ್ಮನವಿ ನ್ಯಾಯಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದಿತ್ತು ಅಂದರೆ ಅದರ ತೂಕ ಊಹಿಸಿ.

ಸಾಗರದ ಹವ್ಯಾಸಿ: ಬಾಗಿದ ಬಿದಿರು ಸಿಗುತ್ತಿಲ್ಲ. ನೆಟ್ಟಗಿನದಕ್ಕೆ ತೂತು ಕೊರೆದು ಬೋಲ್ಟ್ ಹಾಕಲೇ?

ಮರಗೆಲಸ: ತೂತು ಕೊರೆಯಲೇಬೇಡಿ, ಅಲ್ಲಿಂದಲೇ ಉದ್ದಕ್ಕೆ ಸೀಳುತ್ತದೆ. ಬಲಿತ ಗಟ್ಟಿಬಿದಿರು ತಂದು, ಗಂಟಿಗೆ ಒತ್ತಿ ಕತ್ತದ ಹಗ್ಗ ಬಿಗಿದು ಸುತ್ತಿ, ಆ ಸುತ್ತಿಗೆ ಕೊಂಡಿ ಹಾಕಿ. ಮೊದಲು ಮರಳು ಮೂಟೆ ಕೂರಿಸಿ ಆ ಏರನ್ನು ಹತ್ತಿಸಿ ನೋಡಿ.