ಜಪಾನಿನಲ್ಲಿ ರೈಲು, ಬಸ್ಸಿಗೆ ಯಾವ ಕಾರ್ಡ್ ತಗೊಳ್ಳೋದು? ಹೋಗಿ ಬಂದವರು ಹೇಳಿ

ಪ್ರಶ್ನೆ:
ಏಪ್ರಿಲ್‌ನಲ್ಲಿ ಮನೆಯವರೆಲ್ಲ ಜಪಾನಿಗೆ ಹೊರಟಿದ್ದೇವೆ. ನಾವಿಬ್ಬರು, ಅತ್ತೆ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಹನೇಡಾದಲ್ಲಿ ಇಳಿದು ಟೋಕಿಯೋ, ಆಮೇಲೆ ಕ್ಯೋಟೊ, ಹಿರೋಶಿಮಾ. ವಾಪಸ್ ವಿಮಾನ ಒಸಾಕಾ ಹತ್ತಿರದ ಕನ್ಸಾಯ್‌ನಿಂದ. ಸುಯಿಕಾ ತಗೊಳ್ಳಿ, ವೆಲ್ಕಮ್ ಸುಯಿಕಾ ತಗೊಳ್ಳಿ, ಪಾಸ್ಮೊ, ಇಕೋಕಾ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ. ಟೋಕಿಯೋದಲ್ಲಿ ತಗೊಂಡ ಕಾರ್ಡ್ ಕ್ಯೋಟೊದಲ್ಲಿ ನಡೆಯುತ್ತಾ? ಉಳಿದ ದುಡ್ಡು ವಾಪಸ್ ಬರುತ್ತಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ:
ಮೇಡಂ, ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇವೆಲ್ಲ ಮೊದಲೇ ದುಡ್ಡು ತುಂಬಿಸಿ ಗೇಟಿಗೆ ಮುಟ್ಟಿಸುವ ಕಾರ್ಡುಗಳೇ. 2013ರ ಮಾರ್ಚ್‌ನಿಂದ ಇಂಥ ಹತ್ತು ಕಾರ್ಡುಗಳು ಒಂದರ ಊರಲ್ಲಿ ಇನ್ನೊಂದು ನಡೆಯುವ ಹಾಗೆ ಹೊಂದಿಕೊಂಡಿವೆ. ಟೋಕಿಯೋದ ಸುಯಿಕಾವನ್ನು ಕ್ಯೋಟೊ ಬಸ್ಸಿನಲ್ಲೂ ಹಿರೋಶಿಮಾದಲ್ಲೂ ಮುಟ್ಟಿಸಬಹುದು. ಅಂಗಡಿ, ಪಾನೀಯದ ಮಷೀನು, ಸ್ಟೇಷನ್ ಲಾಕರು ಎಲ್ಲಕ್ಕೂ ಅದೇ ಕಾರ್ಡ್.

ವ್ಯತ್ಯಾಸ ಇರುವುದು ವಾಪಸ್ ಮಾಡುವಾಗ. ನಿಮ್ಮ ವಿಷಯದಲ್ಲಿ ಅದೇ ಮುಖ್ಯ. ಮಾಮೂಲಿ ಸುಯಿಕಾಗೆ 500 ಯೆನ್ ಡೆಪಾಸಿಟ್. ಅದನ್ನು ಹಿಂತಿರುಗಿಸಿ ದುಡ್ಡು ಪಡೆಯುವುದು ಟೋಕಿಯೋ ಕಡೆಯ ರೈಲು ಕಂಪನಿ ಜೆಆರ್ ಈಸ್ಟ್‌ನ ಸ್ಟೇಷನ್ನುಗಳಲ್ಲಿ ಮಾತ್ರ. ಇಕೋಕಾ ಆದರೆ ಒಸಾಕಾ ಕಡೆಯ ಜೆಆರ್ ವೆಸ್ಟ್‌ನಲ್ಲಿ ಮಾತ್ರ. ನೀವು ಪೂರ್ವದಲ್ಲಿ ಇಳಿದು ಪಶ್ಚಿಮದಿಂದ ಹೊರಡುವವರು. ಹನೇಡಾದಲ್ಲಿ ತಗೊಂಡ ಸುಯಿಕಾವನ್ನು ಕನ್ಸಾಯ್‌ನಲ್ಲಿ ಕೊಟ್ಟರೆ ತಗೊಳ್ಳಲ್ಲ. ಟೋಕಿಯೋಗೇ ಬಂದು ವಿಮಾನ ಹತ್ತುವವರಿಗೆ ಮಾಮೂಲಿ ಸುಯಿಕಾ ಸರಿ. ವಾಪಸ್ ಕೊಡುವಾಗ ಬ್ಯಾಲೆನ್ಸ್‌ನಿಂದ 220 ಯೆನ್ ಕಳೆಯುತ್ತಾರೆ, ಬ್ಯಾಲೆನ್ಸ್ ಸೊನ್ನೆ ಆಗಿದ್ದರೆ ಕಳೆಯಲು ಏನೂ ಇಲ್ಲ, ಡೆಪಾಸಿಟ್ ಪೂರ್ತಿ ಕೈಗೆ ಬರುತ್ತದೆ.

ನಿಮಗೆ ನಾನು ಹೇಳುವುದು ವೆಲ್ಕಮ್ ಸುಯಿಕಾ. ಕೆಂಪು ಕಾರ್ಡು, ಮೇಲೆ ಬಿಳಿ ಚೆರ್ರಿ ಹೂವು. ಡೆಪಾಸಿಟ್ ಇಲ್ಲ, 28 ದಿನ ನಡೆಯುತ್ತದೆ. ಆದರೆ ಉಳಿದ ದುಡ್ಡು ಒಂದು ಯೆನ್ ಕೂಡ ವಾಪಸ್ ಇಲ್ಲ. ಹಾಗಾಗಿ ಒಂದೇ ಸಲ ಹತ್ತು ಸಾವಿರ ತುಂಬಿಸಿಬಿಡಬೇಡಿ, ಸಾವಿರ ಎರಡು ಸಾವಿರ ಹಾಕ್ತಾ ಹೋಗಿ. ಕೊನೆಯ ದಿನ ಕನ್ವೀನಿಯೆನ್ಸ್ ಸ್ಟೋರಿನಲ್ಲಿ ಏನಾದರೂ ತಗೊಂಡು, ಕಾರ್ಡಿನಲ್ಲಿ ಇರುವಷ್ಟನ್ನು ಕಾರ್ಡಿಂದ, ಮಿಕ್ಕಿದ್ದು ನೋಟಿನಲ್ಲಿ ಕೊಡ್ತೀನಿ ಅಂದರೆ ಒಪ್ಪುತ್ತಾರೆ. ಕಾರ್ಡಿನ ಜೊತೆ ಅವಧಿ ಬರೆದಿರುವ ಒಂದು ಚೀಟಿ ಕೊಡ್ತಾರೆ, ಅದನ್ನು ಪ್ರವಾಸ ಮುಗಿಯುವವರೆಗೆ ಜೊತೆಯಲ್ಲೇ ಇಟ್ಟುಕೊಳ್ಳಬೇಕು. ಪಾಸ್‌ಪೋರ್ಟ್ ಕವರಿನೊಳಗೆ ಸಿಕ್ಕಿಸಿಡಿ.

ಉತ್ತರ:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕಾರ್ಡಿಗೆ ದುಡ್ಡು ಹಾಕೋದು ನೋಟಿನಲ್ಲಿ. ಸ್ಟೇಷನ್ ಮಷೀನಿನ ಮುಂದೆ ನಿಂತು ಕ್ರೆಡಿಟ್ ಕಾರ್ಡ್ ತುರುಕಬಹುದು ಅಂದ್ಕೊಂಡು ಹೋದವರು ಯೆನ್ ಹುಡುಕಿಕೊಂಡು ಓಡಬೇಕಾಗುತ್ತೆ. ದಿನಾ ಬೆಳಿಗ್ಗೆ ಪ್ರತಿಯೊಬ್ಬರ ಜೇಬಲ್ಲೂ ಒಂದೆರಡು ಸಾವಿರದ ನೋಟು ಇರಲಿ. ಒಂದು ಕಾರ್ಡಿನಲ್ಲಿ 20,000 ಯೆನ್‌ಗಿಂತ ಹೆಚ್ಚು ಹಿಡಿಯಲ್ಲ.

ಇಳಿಯೋ ಹೊತ್ತಿಗೆ ಬ್ಯಾಲೆನ್ಸ್ ಸಾಲದೆ ಗೇಟ್ ಮುಚ್ಚಿಕೊಂಡ್ರೆ ಹೆದರಬೇಡಿ. ನಮ್ಮ ಅಮ್ಮನಿಗೆ ಹಾಗಾಯ್ತು, ಹಿಂದೆ ಜನ ಸಾಲುಗಟ್ಟಿದ್ರು, ಪಾಪ ಗಾಬರಿಯಾಗಿ ಅಲ್ಲೇ ನಿಂತುಬಿಟ್ರು. ಸುಮ್ಮನೆ ಎರಡು ಹೆಜ್ಜೆ ಹಿಂದೆ ಬಂದು ಗೇಟಿನ ಒಳಗಡೆಯೇ ನೋಡಿ, ಹಳದಿ ಬಣ್ಣದ ಫೇರ್ ಅಡ್ಜಸ್ಟ್‌ಮೆಂಟ್ ಮಷೀನ್ ಇರುತ್ತೆ. ಕಾರ್ಡ್ ಹಾಕಿದ್ರೆ ಎಷ್ಟು ಕಮ್ಮಿ ಅಂತ ತೋರಿಸುತ್ತೆ, ನೋಟು ಕೊಟ್ಟರೆ ಆಯ್ತು. ಅತ್ತೆಯವರಿಗೆ ಇದನ್ನು ಮೊದಲ ದಿನವೇ ಒಂದು ಸಲ ತೋರಿಸಿಬಿಡಿ.

ಉತ್ತರ:
ಅಕ್ಕಾ, ಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲ. 6ರಿಂದ 11 ವರ್ಷದವರಿಗೆ ಅರ್ಧ ಚಾರ್ಜು. ಆದರೆ ದೊಡ್ಡವರ ಕಾರ್ಡ್ ಕೊಟ್ಟರೆ ಅರ್ಧ ಕಡಿಯಲ್ಲ, ಪೂರ್ತಿ ಹೋಗುತ್ತೆ. ಮಗಳ ಪಾಸ್‌ಪೋರ್ಟ್ ತೋರಿಸಿ ಕೌಂಟರಿನಲ್ಲಿ ಮಕ್ಕಳ ಕಾರ್ಡೇ ಮಾಡಿಸಿಕೊಳ್ಳಿ. ರಾತ್ರಿ ಇಳಿದು ಕೌಂಟರ್ ಮುಚ್ಚಿದ್ದರೆ ಆ ಹೊತ್ತಿಗೆ ಮಷೀನಿನಿಂದ ಮಕ್ಕಳ ಟಿಕೆಟ್ ತಗೊಂಡು ಹೋಗಿ, ಕಾರ್ಡು ಮಾರನೇ ದಿನ. ಮಕ್ಕಳ ಕಾರ್ಡ್ ಮುಟ್ಟಿಸಿದಾಗ ಗೇಟು ಕೋಳಿಮರಿ ಥರ ಪಿಯೋ ಪಿಯೋ ಅನ್ನುತ್ತೆ. ನಮ್ಮ ಹುಡುಗನಿಗೆ ಅದನ್ನು ಕೇಳೋಕೇ ಸ್ಟೇಷನ್ನಿಗೆ ಹೋಗಬೇಕು ಅನ್ನೋ ಆಸೆ! ನಾಲ್ಕು ವರ್ಷದವನಿಗೆ ಏನೂ ಬೇಡ, ನಿಮ್ಮ ಜೊತೆ ಫ್ರೀ.

ಒಬ್ಬರಿಗೆ ಒಂದು ಕಾರ್ಡ್ ಇರಲೇಬೇಕು. ಒಂದೇ ಕಾರ್ಡಲ್ಲಿ ಇಬ್ಬರು ದಾಟೋಕಾಗಲ್ಲ.

ಉತ್ತರ:
ಐಫೋನ್ ಇದ್ದವರು ಪ್ಲಾಸ್ಟಿಕ್ ಕಾರ್ಡ್ ತಗೊಳ್ಳುವ ಅಗತ್ಯವೇ ಇಲ್ಲ ಅಂತ ನನ್ನ ಅಭಿಪ್ರಾಯ. ಐಫೋನ್ 8 ಮತ್ತು ಅದರ ನಂತರದ್ದು ಯಾವ ದೇಶದಲ್ಲಿ ಕೊಂಡದ್ದಾದರೂ ವಾಲೆಟ್‌ನಲ್ಲಿ ಸುಯಿಕಾ ಸೇರಿಸಬಹುದು. ಫೋನ್ ಅನ್‌ಲಾಕ್ ಮಾಡದೇ ಗೇಟಿಗೆ ಮುಟ್ಟಿಸಿದರೆ ಸಾಕು. 2025ರ ಮಾರ್ಚ್‌ನಲ್ಲಿ ಪ್ರವಾಸಿಗಳಿಗೇ ವೆಲ್ಕಮ್ ಸುಯಿಕಾ ಮೊಬೈಲ್ ಅಂತ ಐಫೋನ್ ಆ್ಯಪ್ ಕೂಡ ಬಂದಿದೆ, ಅದು 180 ದಿನ ನಡೆಯುತ್ತದೆ. ದುಡ್ಡು ತುಂಬಿಸುವಾಗ ನನ್ನ ಒಂದು ಬ್ಯಾಂಕಿನ ಕಾರ್ಡ್ ಹಿಡಿಯಲಿಲ್ಲ, ಇನ್ನೊಂದು ಹಿಡಿಯಿತು. ಅದಕ್ಕೇ ಹೊರಡುವ ಮೊದಲು ಮನೆಯಲ್ಲೇ ಕೂತು ಪ್ರಯತ್ನಿಸಿ ನೋಡಿ. ಬ್ಯಾಂಕ್ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಇದೆಯಾ ಅಂತಲೂ ನೋಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ 2020ರ ಮಾರ್ಚ್‌ನಿಂದ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ.

ಆಂಡ್ರಾಯ್ಡ್‌ನವರಿಗೆ ಈ ದಾರಿ ಇಲ್ಲ. ಜಪಾನಿನ ಹೊರಗೆ ಮಾರುವ ಫೋನುಗಳಲ್ಲಿ ಅಲ್ಲಿಯ ಕಾರ್ಡಿಗೆ ಬೇಕಾದ ಫೆಲಿಕಾ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ.

ಉತ್ತರ:
ಐಫೋನ್ ಸಲಹೆ ನಿಮಗಿಬ್ಬರಿಗೆ ಸರಿ, ಅತ್ತೆಯವರ ಕೈಗೆ ಮಾತ್ರ ಕಾರ್ಡೇ ಕೊಡಿ. ಕುತ್ತಿಗೆಗೆ ನೇತುಹಾಕುವ ಪೌಚಿನಲ್ಲಿ ಇಟ್ಟರೆ ಪ್ರತಿ ಗೇಟಿನಲ್ಲೂ ವ್ಯಾನಿಟಿ ಬ್ಯಾಗ್ ತಡಕಾಡುವುದು ತಪ್ಪುತ್ತದೆ.

ಕಾರ್ಡ್ ಎಲ್ಲಿ ನಡೆಯಲ್ಲ ಅನ್ನೋದೂ ಗೊತ್ತಿರಲಿ. ಟೋಕಿಯೋದಿಂದ ಕ್ಯೋಟೊಗೆ ಹೋಗುವ ಬುಲೆಟ್ ರೈಲು ಶಿಂಕಾನ್‌ಸೆನ್‌ಗೆ ಬೇರೆ ಟಿಕೆಟ್ ಬೇಕು, ಕಾರ್ಡ್ ಬ್ಯಾಲೆನ್ಸ್‌ನಿಂದ ಅದು ಕಡಿಯಲ್ಲ. ಎರಡನೆಯದು ಗಡಿ. ಟೋಕಿಯೋ ಕಡೆ ಒಳಗೆ ಹೋಗಿ ಸಾಮಾನ್ಯ ರೈಲಿನಲ್ಲೇ ಅಟಾಮಿ ದಾಟಿ ಶಿಜುವೊಕಾದಲ್ಲಿ ಇಳಿದರೆ ಹೊರಗೆ ಬಿಡುವುದಿಲ್ಲ, ಯಾಕಂದರೆ ಅಲ್ಲಿಂದ ಇನ್ನೊಂದು ಕಂಪನಿಯ ವಲಯ. ಕಾರ್ಡ್ ಎರಡೂ ಕಡೆ ನಡೆಯುತ್ತದೆ, ಒಂದು ವಲಯದಿಂದ ಇನ್ನೊಂದಕ್ಕೆ ಒಂದೇ ಪ್ರಯಾಣದಲ್ಲಿ ದಾಟುವುದು ಮಾತ್ರ ಆಗದು. ಹಕೋನೆಗೆ ಹೋಗುವುದಿದ್ದರೆ ಓಡವಾರಾದವರೆಗೆ ತೊಂದರೆಯಿಲ್ಲ.

ಮುಂದೆ ಎಂದಾದರೂ ದಕ್ಷಿಣದ ಕ್ಯೂಶು ದ್ವೀಪದ ಕಡೆ ಹೋಗುವವರಿಗೆ: ಕುಮಾಮೊಟೊದ ಐದು ಬಸ್, ರೈಲು ಕಂಪನಿಗಳು 2024ರ ನವೆಂಬರ್‌ನಲ್ಲಿ ಈ ಕಾರ್ಡುಗಳನ್ನೇ ನಿಲ್ಲಿಸಿವೆ. ಯಂತ್ರ ಬದಲಿಸುವ ಖರ್ಚು ಭರಿಸಲು ಆಗಲಿಲ್ಲ. ಇನ್ನೊಂದು ಕಡೆ ಒಸಾಕಾ ಮೆಟ್ರೊ, ನಂಕಾಯ್ ರೈಲು, ಫುಕುಓಕಾ ಸಬ್‌ವೇಗಳಲ್ಲಿ ಕ್ರೆಡಿಟ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಬಹುದು. ಕನ್ಸಾಯ್‌ಗೆ ನಂಕಾಯ್‌ನಲ್ಲೇ ಹೋಗುವುದಾದರೆ ಕೊನೆಯ ದಿನ ಸುಯಿಕಾಗೆ ಮತ್ತೆ ದುಡ್ಡು ಹಾಕಬೇಕಾಗಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ನಾವಿಬ್ಬರು ಐಫೋನಿನಲ್ಲಿ, ಅತ್ತೆಗೂ ಮಗಳಿಗೂ ವೆಲ್ಕಮ್ ಸುಯಿಕಾ. ಇನ್ನೆರಡು ಕೇಳಲಾ? ಕ್ಯೋಟೊ ಬಸ್ಸಿನಲ್ಲಿ ಹತ್ತುವಾಗ ಮುಟ್ಟಿಸಬೇಕಾ, ಇಳಿಯುವಾಗಲಾ? ಮತ್ತೆ ಎಲ್ಲ ಕಡೆ ಕಾರ್ಡ್ ನಡೆಯುವಾಗ ನೋಟು ಎಷ್ಟು ಬೇಕಾಗಬಹುದು?

ಉತ್ತರ:
ಕ್ಯೋಟೊ ಸಿಟಿ ಬಸ್ಸಿಗೆ ಹಿಂದಿನ ಬಾಗಿಲಿಂದ ಹತ್ತಿ, ಮುಂದೆ ಡ್ರೈವರ್ ಪಕ್ಕ ಇಳಿಯುವಾಗ ಮುಟ್ಟಿಸಬೇಕು. ನಗರದೊಳಗೆ ಒಂದೇ ದರ. ಬ್ಯಾಲೆನ್ಸ್ ಕಮ್ಮಿ ಇದ್ದರೆ ಬಸ್ ನಿಂತಾಗ ಡ್ರೈವರಿಗೆ ಸಾವಿರದ ನೋಟು ತೋರಿಸಿ "ಚಾರ್ಜ್" ಅಂದರೆ ಅಲ್ಲೇ ತುಂಬಿಸಿಕೊಡ್ತಾರೆ. ಜನ ಇಳಿಯುವ ಗಲಾಟೆಗೆ ಮೊದಲೇ ಮಾಡಿಸಿಕೊಳ್ಳಿ.

ನೋಟು ಬೇಕೇ ಬೇಕು. ಸುಮಾರು ದೇವಸ್ಥಾನಗಳ ಪ್ರವೇಶ, ಸಣ್ಣ ಹೋಟೆಲುಗಳು ಇವತ್ತಿಗೂ ನಗದು. ಸೆವೆನ್ ಇಲೆವೆನ್ ಅಂಗಡಿಗಳಲ್ಲಿರುವ ಎಟಿಎಂನಲ್ಲಿ ಹೊರದೇಶದ ಕಾರ್ಡಿಂದ ಯೆನ್ ಬರುತ್ತದೆ. ರೂಪಾಯಿಯಲ್ಲಿ ಕಡಿಯಲಾ, ಯೆನ್‌ನಲ್ಲಿ ಕಡಿಯಲಾ ಅಂತ ಎಲ್ಲೇ ಕೇಳಿದರೂ ಯೆನ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ರೇಟು, ಅದು ನಿಮಗೆ ನಷ್ಟ.

ಲಾಕರಿನ ಮಾತು ಬಂತಲ್ಲ, ಅದಕ್ಕೊಂದು ಎಚ್ಚರಿಕೆ. ಸ್ಟೇಷನ್ ಲಾಕರಿಗೆ ಕಾರ್ಡಿಂದ ದುಡ್ಡು ಕೊಟ್ಟರೆ ಆ ಕಾರ್ಡೇ ಬೀಗದ ಕೈ. ಯಾರ ಕಾರ್ಡಿಂದ ಹಾಕಿದಿರೋ ತೆಗೆಯಲು ಅದೇ ಕಾರ್ಡ್ ಬೇಕು. ಅತ್ತೆಯವರ ಕಾರ್ಡಿಂದ ಬ್ಯಾಗ್ ಇಟ್ಟು, ಆ ಕಾರ್ಡನ್ನು ಅವರ ಹತ್ತಿರವೇ ಹೋಟೆಲಿನಲ್ಲಿ ಬಿಟ್ಟು ಬಂದರೆ ಲಾಕರ್ ತೆರೆಯಲ್ಲ. ಬರುವ ರಸೀದಿಯನ್ನು ಬಿಸಾಡಬೇಡಿ, ಯಾವ ಸಾಲಿನ ಯಾವ ನಂಬರ್ ಅನ್ನೋದು ಅದರಲ್ಲೇ ಇರುತ್ತೆ.